ರಾಕ್ ಕೇಳೋಕೆ ಬೆಲ್ಟ್ ಟರ್ನ್‌ಟೇಬಲ್: ಅಂಗಡಿಗೆ ಹೋಗುವ ಮುಂಚೆ ಮನೆಯ ನೆಲ ನೋಡಿ

ಲಕ್ಷಗಟ್ಟಲೆ ಕೊಟ್ಟು, ರೆಕಾರ್ಡ್ ತಿರುಗಿಸಿ ಹಾಡಿಸುವ ಟರ್ನ್‌ಟೇಬಲ್ ತೆಗೆದುಕೊಳ್ಳಲು ಹೊರಟವರು ಮೊದಲು ಕೇಳುವುದು ಒಂದೇ: ಯಾವ ಕಂಪನಿಯದ್ದು ಒಳ್ಳೆಯದು? ಕೇಳುವವರು ನಮ್ಮ ಚಿಕ್ಕಮಗಳೂರು, ಹಾಸನದ ಕಡೆಯವರಾದರೆ ನಾನು ಎರಡು ಪ್ರಶ್ನೆ ತಿರುಗಿ ಕೇಳುತ್ತೇನೆ. ನಿಮ್ಮ ಮನೆಯ ನೆಲ ಎಂಥದ್ದು? ಇನ್ವರ್ಟರ್ ಯಾವುದು? ಕೆಲವರಿಗೆ ಇದು ತಮಾಷೆ ಅನ್ನಿಸುತ್ತದೆ. ಆದರೆ ಈ ಬೆಲೆಗೆ ಬಂದ ಮೇಲೆ ಕೆಟ್ಟ ಟರ್ನ್‌ಟೇಬಲ್ ಸಿಗುವುದೇ ಕಡಿಮೆ. ನಿಮ್ಮ ಮನೆಗೆ ಒಗ್ಗದ ಟರ್ನ್‌ಟೇಬಲ್ ಮಾತ್ರ ಬೇಕಾದಷ್ಟು ಸಿಗುತ್ತವೆ.

ಈ ಲೇಖನ ಯಾರಿಗೆ ಅಂದರೆ, ಟರ್ನ್‌ಟೇಬಲ್, ಆರ್ಮ್ (ಮುಳ್ಳನ್ನು ಹಿಡಿದಿರುವ ಕೈ), ಕಾರ್ಟ್ರಿಡ್ಜ್ (ಆರ್ಮಿನ ತುದಿಯಲ್ಲಿ ಮುಳ್ಳು ಇರುವ ಭಾಗ) ಎಲ್ಲ ಸೇರಿ ಒಂದೂವರೆಯಿಂದ ಐದು ಲಕ್ಷದವರೆಗೆ ಖರ್ಚು ಮಾಡಲು ಮನಸ್ಸು ಮಾಡಿರುವವರಿಗೆ. ಆಂಪ್ಲಿಫೈಯರ್, ಸ್ಪೀಕರ್ ಈಗಾಗಲೇ ಇವೆ, ಕಪಾಟಿನಲ್ಲಿ ಇರುವುದು ಹೆಚ್ಚುಪಾಲು ರಾಕ್ ಎಲ್‌ಪಿಗಳು ಅಂತ ಇಟ್ಟುಕೊಂಡೇ ಬರೆಯುತ್ತಿದ್ದೇನೆ.

ಬೆಲ್ಟೇ ಯಾಕೆ?

ಮೋಟಾರ್ ಅಂದ ಮೇಲೆ ಅದು ನಡುಗುತ್ತದೆ. ಆ ನಡುಕ ಮುಳ್ಳಿನ ತನಕ ಬರಬಾರದು. ಮೋಟಾರನ್ನು ದೂರ ಇಟ್ಟು, ರಬ್ಬರ್ ಬೆಲ್ಟಿನಿಂದ ಪ್ಲ್ಯಾಟರ್ (ರೆಕಾರ್ಡ್ ಕೂರುವ ತಟ್ಟೆ) ತಿರುಗಿಸಿದರೆ ನಡುಕದ ಬಹುಪಾಲನ್ನು ಬೆಲ್ಟ್ ನುಂಗಿಕೊಳ್ಳುತ್ತದೆ. 1961ರಲ್ಲಿ ಅಮೆರಿಕದ ಅಕೌಸ್ಟಿಕ್ ರಿಸರ್ಚ್ ಕಂಪನಿಯ ಎಡ್ಗರ್ ವಿಲ್ಚರ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಪ್ಲ್ಯಾಟರ್ ಮತ್ತು ಆರ್ಮ್ ಎರಡನ್ನೂ ಒಂದೇ ಚೌಕಟ್ಟಿಗೆ ಬಿಗಿದು, ಆ ಚೌಕಟ್ಟನ್ನು ಸ್ಪ್ರಿಂಗ್ ಮೇಲೆ ನಿಲ್ಲಿಸಿ, ಮೋಟಾರನ್ನು ಹೊರಗಿಟ್ಟರು. ಥೋರೆನ್ಸ್ ಟಿಡಿ 150, ಆಮೇಲೆ ಸ್ಕಾಟ್ಲೆಂಡಿನ ಲಿನ್ ಎಲ್‌ಪಿ 12 ಅದೇ ದಾರಿ ಹಿಡಿದವು.

ರಾಕ್ ಕೇಳುವವರಲ್ಲಿ ಒಂದು ಮಾತಿದೆ. ಬೆಲ್ಟಿಗೆ ದಮ್ಮಿಲ್ಲ, ಬಾಸ್ ಬೇಕಂದ್ರೆ ಬೆಲ್ಟಿಲ್ಲದೆ ಮೋಟಾರೇ ನೇರ ಪ್ಲ್ಯಾಟರ್ ತಿರುಗಿಸುವ ಡೈರೆಕ್ಟ್ ಡ್ರೈವೇ ಸರಿ ಅಂತ. 1972ರಿಂದ ಇರುವ ಟೆಕ್ನಿಕ್ಸ್ ಎಸ್‌ಎಲ್-1200 ಸಾಲಿನ ಯಂತ್ರಗಳನ್ನು ಕೇಳಿದವರು ಹೀಗೆ ಹೇಳುವುದರಲ್ಲಿ ಆಶ್ಚರ್ಯವಿಲ್ಲ. ವೇಗ ಹಿಡಿದಿಡುವುದರಲ್ಲಿ ಅವು ಗಟ್ಟಿ. ಆದರೆ ಸರಿಯಾಗಿ ಮಾಡಿದ ಬೆಲ್ಟ್ ಯಂತ್ರದಲ್ಲಿ ಬಾಸ್ ಕಮ್ಮಿಯಾಗುವುದಿಲ್ಲ. ಸಡಿಲವಾದ ಬೆಲ್ಟ್, ಹಗುರ ಪ್ಲ್ಯಾಟರ್, ಅಗ್ಗದ ಮೋಟಾರ್ ಮೂರೂ ಒಟ್ಟಿಗೆ ಸೇರಿದಾಗ ಮಾತ್ರ ಆ ದೂರು ನಿಜ. ಡ್ರಮ್ಸ್ ಜೋರಾಗಿ ಬಂದಾಗ ಗೆರೆಯಲ್ಲಿ ಮುಳ್ಳಿನ ಎಳೆತ ಹೆಚ್ಚಾಗುತ್ತದೆ. ಆಗ ಪ್ಲ್ಯಾಟರ್ ಒಂದು ಕೂದಲೆಳೆಯಷ್ಟೂ ನಿಧಾನ ಆಗಬಾರದು. ನೀವು ದುಡ್ಡು ಕೊಡುವುದು ಇದಕ್ಕೆ.

ಇನ್ನೊಂದು ವಿಷಯ ನೆನಪಿರಲಿ. ರೆಕಾರ್ಡ್ ಕೆತ್ತುವಾಗ ಬಾಸನ್ನು ತಗ್ಗಿಸಿ ಕೆತ್ತುತ್ತಾರೆ, ಇಲ್ಲದಿದ್ದರೆ ಗೆರೆ ಅಗಲವಾಗಿ ಜಾಗ ಸಾಲುವುದಿಲ್ಲ. 20 ಹರ್ಟ್ಸ್ ಹತ್ತಿರ ಈ ಕಡಿತ ಸುಮಾರು 20 ಡೆಸಿಬೆಲ್. ಅದನ್ನು ಫೋನೋ ಸ್ಟೇಜ್, ಅಂದರೆ ಮುಳ್ಳಿನ ಸಣ್ಣ ಸಿಗ್ನಲ್ಲನ್ನು ದೊಡ್ಡದು ಮಾಡುವ ಸರ್ಕ್ಯೂಟ್, ಮತ್ತೆ ಎತ್ತಿ ಕೊಡುತ್ತದೆ. ಎತ್ತುವಾಗ ಹಾಡಿನ ಬಾಸನ್ನು ಮಾತ್ರ ಎತ್ತುವುದಿಲ್ಲ, ಬೇರಿಂಗಿನ ಗುರಗುಟ್ಟುವಿಕೆ, ನೆಲದ ಅದುರು ಎಲ್ಲವನ್ನೂ ಎತ್ತುತ್ತದೆ. ಹಾಗಾಗಿ ನೆಲದಿಂದಲೇ ಶುರು ಮಾಡೋಣ.

ಹೆಜ್ಜೆ 1: ನೆಲ ಮತ್ತು ಗೋಡೆ

ಟರ್ನ್‌ಟೇಬಲ್ ಇಡಬೇಕೆಂದಿರುವ ಜಾಗದಲ್ಲಿ, ಅದೇ ಮೇಜಿನ ಮೇಲೆ, ಒಂದು ಸ್ಟೀಲ್ ಲೋಟದಲ್ಲಿ ಕಂಠಮಟ್ಟ ನೀರು ತುಂಬಿಸಿಡಿ. ಮನೆಯಲ್ಲಿ ಯಾರಾದರೂ ಮಾಮೂಲಿಯಾಗಿ ಆಚೀಚೆ ನಡೆದಾಡಲಿ. ನೀರು ಅಲುಗಿತೋ, ಮುಳ್ಳೂ ಅಲುಗುತ್ತದೆ.

ಹಾಸನದ ಬಡಾವಣೆಗಳ ಆರ್‌ಸಿಸಿ ಮನೆಯಲ್ಲಿ ನೆಲಮಹಡಿಯಾದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಹಳೆಯ ರೆಡ್ ಆಕ್ಸೈಡ್ ನೆಲವೂ ಗಟ್ಟಿ. ಫಜೀತಿ ಇರುವುದು ಎಸ್ಟೇಟ್ ಮನೆಗಳಲ್ಲಿ, ತೊಲೆಯ ಮೇಲೆ ಹಲಗೆ ಹಾಸಿದ ಮಹಡಿಯಲ್ಲಿ. ಆಲ್ದೂರಿನ ಕಡೆ ಗೆಳೆಯರೊಬ್ಬರ ಮನೆಯಲ್ಲಿ ಇಂಥದೇ ಮಹಡಿ ಕೋಣೆ. ಸ್ಪ್ರಿಂಗ್ ಮೇಲೆ ನಿಂತ, ನೋಡಲು ತುಂಬಾ ಚೆಂದದ ಇಂಗ್ಲೆಂಡಿನ ಯಂತ್ರ. ಅವರಮ್ಮ ಕಾಫಿ ತಟ್ಟೆ ಹಿಡಿದು ಮೆಟ್ಟಿಲು ಹತ್ತಿ ಬಂದರು. ಕೋಣೆಗೆ ಎರಡು ಹೆಜ್ಜೆ ಇಟ್ಟರೋ ಇಲ್ಲವೋ, ಪ್ಲ್ಯಾಟರ್ ತೊಟ್ಟಿಲ ಹಾಗೆ ತೂಗಿತು, ಗಿಟಾರ್ ಸೋಲೋ ಅರ್ಧಕ್ಕೆ ಜಿಗಿದು ಮುಂದಿನ ಹಾಡಿಗೆ ಹೋಯಿತು. "ಅಲ್ಲೇ ನಿಂತ್ಕೊಳಮ್ಮಾ, ಈ ಸೈಡ್ ಮುಗೀಲಿ" ಅಂತ ಮಗ. "ನಿನ್ನ ಪೆಟ್ಟಿಗೆಗೋಸ್ಕರ ನಾನು ಹೊಸ್ತಿಲಲ್ಲಿ ನಿಂತು ಕಾಫಿ ಆರಿಸ್ಲಾ?" ಅಂತ ಅಮ್ಮ.

ಯಂತ್ರದ ತಪ್ಪು ಅದರಲ್ಲಿ ಏನೂ ಇಲ್ಲ. ನಡಿಗೆಯ ಅದುರು ಸೆಕೆಂಡಿಗೆ ಎರಡು ಮೂರು ಸಲ ಬರುತ್ತದೆ. ಸ್ಪ್ರಿಂಗ್ ಚೌಕಟ್ಟಿನ ತನ್ನದೇ ತೂಗಾಟವೂ ಹೆಚ್ಚುಕಡಿಮೆ ಅಲ್ಲೇ ಹತ್ತಿರ ಇರುತ್ತದೆ. ಎರಡೂ ಕೂಡಿಕೊಂಡರೆ ಅದುರು ಕಮ್ಮಿಯಾಗುವ ಬದಲು ಜಾಸ್ತಿ ಆಗುತ್ತದೆ. ಸ್ಪೀಕರಿನಿಂದ ಬರುವ ಅದುರಿಗೆ ಸ್ಪ್ರಿಂಗ್ ಒಳ್ಳೆಯದು, ಕಾಲ್ನಡಿಗೆಗೆ ಅಲ್ಲ.

ಹಲಗೆ ನೆಲದವರಿಗೆ ಮದ್ದು ಒಂದೇ: ಗೋಡೆಗೆ ಬಿಗಿದ ಶೆಲ್ಫ್. ಕಲ್ಲಿನ ಅಥವಾ ಇಟ್ಟಿಗೆಯ ಗೋಡೆಯಾದರೆ ಆಂಕರ್ ಬೋಲ್ಟ್ ಗಟ್ಟಿಯಾಗಿ ಕೂರುತ್ತದೆ. ಹಳೆಯ ಮನೆಗಳ ಮಣ್ಣಿನ ಗೋಡೆಯಾದರೆ ಹುಷಾರು. ಬೋಲ್ಟ್ ಸುತ್ತ ಮಣ್ಣು ಉದುರಿ, ಮಳೆಗಾಲದಲ್ಲಿ ಥಂಡಿ ಹಿಡಿದು, ಒಂದು ದಿನ ಶೆಲ್ಫ್ ಸಮೇತ ಕೆಳಗೆ ಬರಬಹುದು. ಅಂಥ ಕಡೆ ಟರ್ನ್‌ಟೇಬಲ್ಲನ್ನು ಕೆಳಗಿನ ಕೋಣೆಗೆ ಇಳಿಸುವುದೇ ಜಾಣತನ. ಗೋಡೆ ಶೆಲ್ಫಿಗೆ ಹಗುರ ಯಂತ್ರ ಸರಿ. ಮೂವತ್ತು ಕಿಲೋ ತೂಗುವುದನ್ನು ಗೋಡೆಗೆ ನೇತು ಹಾಕುವ ಯೋಚನೆ ಬೇಡ.

ನಮ್ಮಲ್ಲಿ ಗ್ರಾನೈಟ್, ಕಡಪ ಕಲ್ಲು ಸುಲಭಕ್ಕೆ ಸಿಗುತ್ತದೆ ಅಂತ ಎಲ್ಲರೂ ಒಂದು ಚಪ್ಪಡಿ ಕೊಯ್ಸಿ ಅದರ ಮೇಲೆ ಯಂತ್ರ ಇಡುತ್ತಾರೆ. ಭಾರದ ಯಂತ್ರಕ್ಕೆ ಪರವಾಗಿಲ್ಲ. ಆದರೆ ರೇಗಾ ಕಂಪನಿಯಂಥ ಹಗುರ, ಬಿಗಿ ಯಂತ್ರಗಳಿಗೆ ಅದನ್ನು ಮಾಡಿದವರೇ ಹಗುರವಾದ ಗಟ್ಟಿ ಆಸರೆ ಕೊಡಿ ಅನ್ನುತ್ತಾರೆ. ನಾನೂ ಅದನ್ನೇ ಹೇಳುವುದು.

ಹೆಜ್ಜೆ 2: ಕರೆಂಟ್

ಮಳೆ ಶುರುವಾದರೆ ಮಲೆನಾಡಿನ ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ. ಟರ್ನ್‌ಟೇಬಲ್ ಮೋಟಾರಿನಲ್ಲಿ ಮುಖ್ಯವಾಗಿ ಮೂರು ಬಗೆ. ಒಂದು, ನೇರ ಮನೆಯ ಕರೆಂಟಿನಲ್ಲಿ ಓಡುವ ಎಸಿ ಸಿಂಕ್ರೊನಸ್ ಮೋಟಾರ್. ಇದರ ವೇಗವನ್ನು ತೀರ್ಮಾನಿಸುವುದು ವೋಲ್ಟೇಜ್ ಅಲ್ಲ, 50 ಹರ್ಟ್ಸ್ ಫ್ರೀಕ್ವೆನ್ಸಿ. ಎರಡು, ಅದೇ ಥರದ ಮೋಟಾರಿಗೆ ಬೇರೆ ಪೆಟ್ಟಿಗೆಯಲ್ಲಿ ಹೊಸದಾಗಿ ಎಸಿ ತಯಾರಿಸಿ ಕೊಡುವ ಏರ್ಪಾಡು. ರೇಗಾದ ನಿಯೋ ಪವರ್ ಸಪ್ಲೈ ಹೀಗೆ ಕೆಲಸ ಮಾಡುತ್ತದೆ. ಮೂರು, ಅಡಾಪ್ಟರಿನಿಂದ ಓಡುವ ಡಿಸಿ ಮೋಟಾರ್.

ಇನ್ವರ್ಟರ್ ಇರುವ ಮನೆಗೆ ಎರಡನೆಯದು ಅಥವಾ ಮೂರನೆಯದು ಮೇಲು. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಎಸಿ ಮೋಟಾರ್ ಗುಂಯ್‌ಗುಟ್ಟುತ್ತದೆ, ಆ ಸದ್ದು ಪ್ಲ್ಯಾಟರಿಗೂ ಹತ್ತುತ್ತದೆ. ಸೈನ್ ವೇವ್ ಇನ್ವರ್ಟರ್ ಹಾಕಿಸಿದ್ದರೆ ತಲೆಬಿಸಿ ಕಡಿಮೆ. ಕರೆಂಟ್ ಹೋಗಿ ಇನ್ವರ್ಟರ್ ಹತ್ತಿಕೊಳ್ಳುವ ಒಂದು ಕ್ಷಣ ಮಾತ್ರ ಭಾರದ ಪ್ಲ್ಯಾಟರ್ ತನ್ನ ಓಟದಲ್ಲೇ ದಾಟಿಸಿಬಿಡುತ್ತದೆ.

ಅಮೆರಿಕದಲ್ಲಿರುವ ಅಣ್ಣನ ಮಗ ತಂದುಕೊಡುತ್ತಾನೆ, ಅಲ್ಲಿ ಅಗ್ಗ ಅನ್ನುವವರಿದ್ದಾರೆ ಅಲ್ವಾ? ಅಲ್ಲಿಯ ಕರೆಂಟ್ 60 ಹರ್ಟ್ಸ್. ಅಲ್ಲಿಗೆಂದೇ ಮಾಡಿದ ಎಸಿ ಮೋಟಾರ್ ಯಂತ್ರ ಇಲ್ಲಿ 50 ಹರ್ಟ್ಸಿನಲ್ಲಿ ಓಡಿದರೆ ನಿಮಿಷಕ್ಕೆ 33⅓ ಸುತ್ತಿನ ಬದಲು 27.8 ಸುತ್ತು ತಿರುಗುತ್ತದೆ. ಹಾಡು ಮೂರು ಸ್ವರಸ್ಥಾನಕ್ಕಿಂತ ಸ್ವಲ್ಪ ಜಾಸ್ತಿಯೇ ಕೆಳಗಿಳಿಯುತ್ತದೆ. ಕಿರುಚುವ ಗಾಯಕ ನಿದ್ದೆಗಣ್ಣಿನಲ್ಲಿ ಗೊಣಗಿದಂತೆ ಕೇಳುತ್ತಾನೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆಯೇ ಹೊರತು ಫ್ರೀಕ್ವೆನ್ಸಿಯನ್ನು ಮುಟ್ಟುವುದಿಲ್ಲ. 50 ಹರ್ಟ್ಸಿನ ಪುಲಿ (ಮೋಟಾರಿನಲ್ಲಿ ಬೆಲ್ಟ್ ಸುತ್ತುವ ಗಾಲಿ) ಸಿಗುತ್ತದಾ ಅಂತ ವಿಚಾರಿಸದೆ ದುಡ್ಡು ಕಳಿಸಬೇಡಿ.

ಅರ್ಥಿಂಗ್ ಕೂಡ ಈಗಲೇ ನೋಡಿಸಿ. ಎಲೆಕ್ಟ್ರಿಷಿಯನ್ ಬಂದು ಅರ್ಥ್ ಗುಂಡಿ ಪರೀಕ್ಷೆ ಮಾಡಲಿ. ಮುಳ್ಳಿನಿಂದ ಬರುವ ಸಿಗ್ನಲ್ ಕೆಲವೇ ಮಿಲಿವೋಲ್ಟ್. ಅರ್ಥಿಂಗ್ ಸರಿ ಇಲ್ಲದ ಮನೆಯಲ್ಲಿ ಹಾಡಿಗಿಂತ ಮೊದಲು ಹಮ್ಮಿಂಗ್ ಕೇಳಿಸುತ್ತದೆ.

ಹೆಜ್ಜೆ 3: ಯಾವ ಜಾತಿ ಯಂತ್ರ

ನೆಲ, ಕರೆಂಟ್ ತಿಳಿದ ಮೇಲೆ ಆಯ್ಕೆ ತಾನೇ ಸಣ್ಣದಾಗುತ್ತದೆ. ಬೆಲ್ಟ್ ಯಂತ್ರಗಳಲ್ಲಿ ಮೂರು ಜಾತಿ ಅನ್ನಬಹುದು.

ಹಗುರ, ಬಿಗಿ ಜಾತಿ. ಇಂಗ್ಲೆಂಡಿನ ರೇಗಾ ಇದರ ಹಿರಿಯ. ಪ್ಲೇನಾರ್ 3 ಅನ್ನುವ ಹೆಸರು 1977ರಿಂದ ಇದೆ. ಮೇಲಿನ ದರ್ಜೆಯ ಪ್ಲೇನಾರ್ 8ರಲ್ಲಿ ಬೇಡದ ಭಾಗವನ್ನೆಲ್ಲ ಕತ್ತರಿಸಿ ಬರೀ ಅಸ್ಥಿಪಂಜರ ಉಳಿಸಿದ್ದಾರೆ. ಡ್ರಮ್ಸಿನ ಹೊಡೆತ ಚುರುಕಾಗಿ, ಅಂಟಿಕೊಳ್ಳದೆ ಬರುತ್ತದೆ. ರಾಕ್‌ಗೆ ನನ್ನ ಓಟು ಇದಕ್ಕೇ. ಎರಡು ಕಿರಿಕಿರಿ ಇವೆ. ಬೇರೆ ಕಂಪನಿಯ ಕಾರ್ಟ್ರಿಡ್ಜ್ ಹಾಕಿದಾಗ ಆರ್ಮಿನ ಎತ್ತರ ಸರಿಪಡಿಸಲು ಅಡಿಗೆ ಸ್ಪೇಸರ್ ಕೊಡಬೇಕು. ಬೇರೆ ಪವರ್ ಸಪ್ಲೈ ಇಲ್ಲದ ಪ್ಲೇನಾರ್ 3ರಲ್ಲಿ 45 ಸುತ್ತಿಗೆ ಹೋಗಲು ಪ್ಲ್ಯಾಟರ್ ಎತ್ತಿ ಕೈಯಲ್ಲೇ ಬೆಲ್ಟ್ ಸರಿಸಬೇಕು.

ಸ್ಪ್ರಿಂಗ್ ಜಾತಿ. ಲಿನ್ ಎಲ್‌ಪಿ 12, ಮಿಷೆಲ್ ಗೈರೋಡೆಕ್ ಇಲ್ಲಿಗೆ ಸೇರುತ್ತವೆ. ಗಟ್ಟಿ ನೆಲ ಇದ್ದರೆ ಕೇಳುವ ಸುಖವೇ ಬೇರೆ. ಎಲ್‌ಪಿ 12ರ ವಿಶೇಷ ಏನೆಂದರೆ ಹಳೆಯ ಯಂತ್ರಕ್ಕೂ ಹೊಸ ಭಾಗಗಳನ್ನು ಹಾಕಿಸುತ್ತಾ ಹೋಗಬಹುದು. ಆದರೆ ಸ್ಪ್ರಿಂಗ್ ಹದ ಮಾಡುವುದು ಪಳಗಿದ ಕೈಯ ಕೆಲಸ. ಆ ಕೈ ಚಿಕ್ಕಮಗಳೂರಿಗೆ ಬರುತ್ತದಾ, ವರ್ಷಕ್ಕೊಮ್ಮೆ ಬರುತ್ತದಾ, ಬಂದರೆ ಎಷ್ಟು ತೆಗೆದುಕೊಳ್ಳುತ್ತದೆ ಅಂತ ಮೊದಲೇ ಮಾತಾಡಿಕೊಳ್ಳಿ. ಬರುವುದಿಲ್ಲ ಅಂದರೆ ಈ ಜಾತಿ ಬಿಟ್ಟುಬಿಡಿ.

ಭಾರದ ಜಾತಿ. ಅಮೆರಿಕದ ವಿಪಿಐ, ಜರ್ಮನಿಯ ಕ್ಲಿಯರ್‌ಆಡಿಯೋದ ದೊಡ್ಡ ಮಾದರಿಗಳು, ಆಸ್ಟ್ರಿಯಾದ ಪ್ರೋ-ಜೆಕ್ಟ್ ಕಂಪನಿಯ ಮೇಲಿನ ಸಾಲು. ಭಾರದ ಪ್ಲ್ಯಾಟರ್ ಒಮ್ಮೆ ವೇಗ ಹಿಡಿದರೆ ಡ್ರಮ್ಸಿನ ಹೊಡೆತಕ್ಕೆ ಅಲ್ಲಾಡುವುದಿಲ್ಲ. ಬಾಸ್ ಗಿಟಾರ್ ನೆಲ ಹಿಡಿದು ಕೂರುತ್ತದೆ. ನಿಧಾನ ಲಯದ, ಭಾರವಾದ ರಿಫ್‌ಗಳನ್ನೇ ಜಾಸ್ತಿ ಕೇಳುವವರು ಇದನ್ನು ಒಮ್ಮೆ ಕೇಳಲೇಬೇಕು. ಗಟ್ಟಿ ಮೇಜು, ಗಟ್ಟಿ ನೆಲ ಮಾತ್ರ ಬೇಕೇ ಬೇಕು.

ಹೆಜ್ಜೆ 4: ಆರ್ಮ್, ಕಾರ್ಟ್ರಿಡ್ಜ್

ಪ್ಲ್ಯಾಟರಿನ ಹೊಳಪಿಗೆ ಮರುಳಾಗಿ ಕಾರ್ಟ್ರಿಡ್ಜಿಗೆ ದುಡ್ಡು ಉಳಿಸದವರು ಬಹಳ. ಬಜೆಟ್ಟಿನ ಐದನೇ ಒಂದು ಭಾಗವಾದರೂ ಇದಕ್ಕಿರಲಿ.

ರಾಕ್ ರೆಕಾರ್ಡ್ ಜೋರಾಗಿ ಕೆತ್ತಿರುತ್ತಾರೆ. ಲೆಡ್ ಜೆಪೆಲಿನ್ ತಂಡದ ಎರಡನೇ ಎಲ್‌ಪಿಗೆ 1969ರಲ್ಲಿ ರಾಬರ್ಟ್ ಲುಡ್ವಿಗ್ ಎಂಥ ಜೋರಾಗಿ ಕೆತ್ತಿದ್ದರೆಂದರೆ, ಅಗ್ಗದ ಪ್ಲೇಯರುಗಳಲ್ಲಿ ಮುಳ್ಳು ಹಾರುತ್ತದೆ ಎಂಬ ದೂರು ಬಂದು ಕಂಪನಿ ಮತ್ತೊಮ್ಮೆ ಮೆದುವಾಗಿ ಕೆತ್ತಿಸಿತು. ಮೊದಲ ಕೆತ್ತನೆಯ ಪ್ರತಿಗಳಿಗೆ ಈಗ ಸಂಗ್ರಹಕಾರರು ಮುಗಿಬೀಳುತ್ತಾರೆ. ಮುಳ್ಳು ಗೆರೆ ಬಿಡದೆ ಹಿಡಿದುಕೊಳ್ಳುವುದು ರಾಕ್‌ನಲ್ಲಿ ಎಷ್ಟು ಮುಖ್ಯ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇನ್ನೊಂದು ಕಷ್ಟ ರೆಕಾರ್ಡಿನ ಒಳಗಿನ ಗೆರೆಗಳದ್ದು. ಹೊರ ಅಂಚಿನಲ್ಲಿ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಮುಳ್ಳಿನ ಕೆಳಗೆ ಓಡುತ್ತದೆ. ಕೊನೆಯ ಹಾಡಿಗೆ ಬರುವಾಗ ಅದು 21ರ ಆಸುಪಾಸು. ಅಷ್ಟೇ ಸಂಗೀತ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಿರುತ್ತದೆ. ಸೈಡಿನ ಕೊನೆಯಲ್ಲಿ ಸಿಂಬಲ್ ಚರ್ರ್ ಅನ್ನುವುದು, ಗಾಯಕನ 'ಸ' 'ಶ' ಆಗುವುದು ಇದರಿಂದಲೇ. ಮೈಕ್ರೋಲೈನ್ ಥರದ ಚೂಪು ಮುಳ್ಳು ಇಲ್ಲಿ ಎದ್ದು ಕಾಣುವಷ್ಟು ವ್ಯತ್ಯಾಸ ಮಾಡುತ್ತದೆ.

ಕಾರ್ಟ್ರಿಡ್ಜಿನಲ್ಲಿ ಎರಡು ಬಗೆ: ಎಂಎಂ (ಮೂವಿಂಗ್ ಮ್ಯಾಗ್ನೆಟ್), ಎಂಸಿ (ಮೂವಿಂಗ್ ಕಾಯಿಲ್). ಯಾವುದು ಒಳ್ಳೆಯದು? ನನ್ನ ಅಭಿಪ್ರಾಯ ನೇರವಾಗಿದೆ. ನಮ್ಮೂರಲ್ಲಿ ಎಂಎಂ. ಅದರ ಮುಳ್ಳು ಸವೆದರೆ ಹೊಸದನ್ನು ಕೊರಿಯರ್‌ನಲ್ಲಿ ತರಿಸಿ ನೀವೇ ಎಳೆದು ಸಿಕ್ಕಿಸಬಹುದು. ಸಾಮಾನ್ಯ ಎಂಸಿಯಲ್ಲಿ ಆ ಸೌಕರ್ಯ ಇಲ್ಲ, ಇಡೀ ಕಾರ್ಟ್ರಿಡ್ಜನ್ನೇ ಕಳಿಸಬೇಕು ಅಥವಾ ಬದಲಿಸಬೇಕು. ಮೇಲಾಗಿ ಎಂಎಂ ಮೂರರಿಂದ ಐದು ಮಿಲಿವೋಲ್ಟ್ ಕೊಟ್ಟರೆ, ಕಡಿಮೆ ಔಟ್‌ಪುಟ್ ಎಂಸಿ ಅರ್ಧ ಮಿಲಿವೋಲ್ಟ್ ಕೂಡ ಕೊಡುವುದಿಲ್ಲ. ಅದಕ್ಕೆ ಇನ್ನೂ ದುಬಾರಿ ಫೋನೋ ಸ್ಟೇಜ್ ಬೇಕು. ಆಡಿಯೋ-ಟೆಕ್ನಿಕಾ ವಿಎಂ540ಎಂಎಲ್, ಆರ್ಟೋಫೋನ್ 2ಎಂ ಬ್ರಾಂಜ್, ಇಂಥವುಗಳಿಂದ ಶುರು ಮಾಡಿದರೆ ರಾಕ್‌ಗೆ ಏನೂ ಕೊರತೆ ಆಗುವುದಿಲ್ಲ.

ಆರ್ಮಿಗೂ ಕಾರ್ಟ್ರಿಡ್ಜಿಗೂ ಜಾತಕ ಕೂಡಿಸುವ ಒಂದು ಲೆಕ್ಕ ಇದೆ. ಆರ್ಮಿನ ಎಫೆಕ್ಟಿವ್ ಮಾಸ್ (ಆರ್ಮ್ ಅಲುಗುವಾಗ ಮುಳ್ಳಿಗೆ ತಾಗುವ ಅದರ ಭಾರ), ಕಾರ್ಟ್ರಿಡ್ಜಿನ ತೂಕ, ಸ್ಕ್ರೂಗಳ ತೂಕ ಮೂರನ್ನೂ ಗ್ರಾಮಿನಲ್ಲಿ ಕೂಡಿ. ಅದನ್ನು ಕಾರ್ಟ್ರಿಡ್ಜಿನ ಕಂಪ್ಲಯನ್ಸಿನಿಂದ (ಮುಳ್ಳು ಎಷ್ಟು ಸಲೀಸಾಗಿ ಬಾಗುತ್ತದೆ ಅನ್ನುವ ಅಂಕಿ) ಗುಣಿಸಿ, ವರ್ಗಮೂಲ ತೆಗೆಯಿರಿ. 159ನ್ನು ಆ ವರ್ಗಮೂಲದಿಂದ ಭಾಗಿಸಿ. ಉತ್ತರ ಈ ಜೋಡಿಯ ತನ್ನದೇ ತೂಗಾಟ, ಅದು 8ರಿಂದ 12 ಹರ್ಟ್ಸ್ ಒಳಗೆ ಬರಬೇಕು. ಉದಾಹರಣೆಗೆ ಆರ್ಮ್ 11, ಕಾರ್ಟ್ರಿಡ್ಜ್ 7, ಸ್ಕ್ರೂ 1, ಒಟ್ಟು 19. ಕಂಪ್ಲಯನ್ಸ್ 15. ಗುಣಿಸಿದರೆ 285, ವರ್ಗಮೂಲ ಸುಮಾರು 16.9, ಉತ್ತರ 9.4. ಸರಿಯಾದ ಜೋಡಿ. 8ಕ್ಕಿಂತ ತುಂಬಾ ಕೆಳಗೆ ಬಂದರೆ ಸೊಟ್ಟ ರೆಕಾರ್ಡ್ ಹಾಕಿದಾಗ, ನೆಲ ಅದುರಿದಾಗ ಆರ್ಮ್ ಕುಣಿಯುತ್ತದೆ. ತುಂಬಾ ಮೇಲೆ ಹೋದರೆ ಕೇಳುವ ಬಾಸಿಗೇ ಕೈ ಹಾಕುತ್ತದೆ. ಡೆನಾನ್ ಡಿಎಲ್-103 ಅಗ್ಗಕ್ಕೆ ಸಿಕ್ಕಿತು ಅಂತ ಹಗುರ ಆರ್ಮಿಗೆ ಹಾಕುವವರು ಈ ಲೆಕ್ಕ ಒಮ್ಮೆ ಮಾಡಿ ನೋಡಲಿ. ಅದು ಭಾರದ ಆರ್ಮ್ ಕೇಳುವ ಕಾರ್ಟ್ರಿಡ್ಜ್.

ಹೆಜ್ಜೆ 5: ಅಂಗಡಿಯಲ್ಲಿ ಕೇಳುವಾಗ

ಬೆಂಗಳೂರಿಗೆ ಹೋಗಿ ಬರುವುದು ಒಂದು ದಿನದ ಕೆಲಸ. ಹೊರಡುವ ಮುಂಚೆ ಫೋನ್ ಮಾಡಿ, ನಿಮಗೆ ಬೇಕಾದ ಮಾದರಿ ಜೋಡಿಸಿ ಇಟ್ಟಿದ್ದಾರಾ ಕೇಳಿ. ಪೆಟ್ಟಿಗೆಯಲ್ಲಿ ಇದೆ ಸಾರ್ ಅಂದರೆ ಆ ವಾರ ಹೋಗಬೇಡಿ. ನಿಮ್ಮ ರೆಕಾರ್ಡುಗಳನ್ನೇ ತೆಗೆದುಕೊಂಡು ಹೋಗಿ. ಅಂಗಡಿಯವರು ಹಾಕುವ ರೆಕಾರ್ಡ್ ಯಾವ ಯಂತ್ರದಲ್ಲೂ ಚೆನ್ನಾಗಿಯೇ ಕೇಳುತ್ತದೆ.

ಡ್ರಮ್ಸ್ ಜೋರಾಗಿರುವ ಒಂದು, ಆರ್ಗನ್ ಅಥವಾ ಗಿಟಾರ್ ಸ್ವರವನ್ನು ಎಳೆದು ಹಿಡಿಯುವ ಒಂದು, ಸೈಡಿನ ಕೊನೆಯಲ್ಲಿ ಗದ್ದಲದ ಹಾಡು ಇರುವ ಒಂದು. ಮೂರು ಸಾಕು. ಎಳೆದ ಸ್ವರ ತೇಲಾಡುತ್ತಾ? ತೇಲಾಟ ಹೆಚ್ಚುಕಡಿಮೆ ಎರಡು ಸೆಕೆಂಡಿಗೊಮ್ಮೆ ಬಂದರೆ ಯಂತ್ರವನ್ನು ಬಯ್ಯಬೇಡಿ. 33⅓ ವೇಗದಲ್ಲಿ ಒಂದು ಸುತ್ತಿಗೆ 1.8 ಸೆಕೆಂಡ್. ರೆಕಾರ್ಡಿನ ನಡುತೂತು ಪಕ್ಕಕ್ಕೆ ಬಿದ್ದಿರಬಹುದು. ಇನ್ನೊಂದು ರೆಕಾರ್ಡ್ ಹಾಕಿಸಿ ನೋಡಿ. ಅದಕ್ಕಿಂತ ಬೇಗಬೇಗ ನಡುಗಿದರೆ ಬೆಲ್ಟ್, ಪುಲಿ, ಮೋಟಾರಿನ ಮೇಲೆ ಅನುಮಾನ ಪಡಿ.

ಆಮೇಲೆ ಮುಳ್ಳನ್ನು ಹಾಡಿಲ್ಲದ ಮೊದಲ ಗೆರೆಗಳ ಮೇಲೆ ಇಳಿಸಿಸಿ, ಸ್ಪೀಕರಿನಲ್ಲಿ ಬಾಸ್ ಕೊಡುವ ದೊಡ್ಡ ಕೋನ್, ಅಂದರೆ ವೂಫರ್ ಕಡೆ ಕಣ್ಣಿಡಿ. ಸದ್ದಿಲ್ಲದೆ ಅದು ಒಳಗೆ ಹೊರಗೆ ದೊಡ್ಡದಾಗಿ ಉಸಿರಾಡುತ್ತಿದ್ದರೆ ಜೋಡಿ ಸರಿ ಇಲ್ಲ, ಅಥವಾ ರೆಕಾರ್ಡ್ ಸೊಟ್ಟ. ಆಂಪ್ಲಿಫೈಯರಿನ ಶಕ್ತಿಯೆಲ್ಲ ಅಲ್ಲೇ ಖರ್ಚಾಗುತ್ತದೆ.

ಎರಡು ಯಂತ್ರ ಹೋಲಿಸುವುದಾದರೆ ಎರಡರಲ್ಲೂ ಒಂದೇ ಕಾರ್ಟ್ರಿಡ್ಜ್ ಇರಲಿ. ಇಲ್ಲದಿದ್ದರೆ ನೀವು ಹೋಲಿಸುತ್ತಿರುವುದು ಕಾರ್ಟ್ರಿಡ್ಜನ್ನು. ಸೌಂಡ್ ಮಟ್ಟವೂ ಒಂದೇ ಇರಲಿ, ಯಾಕಂದರೆ ಜೋರಾಗಿ ಕೇಳಿದ್ದೇ ಚೆಂದ ಅನ್ನಿಸುವುದು ಎಲ್ಲರ ಕಿವಿಯ ಗುಣ.

ಹೆಜ್ಜೆ 6: ಮನೆಗೆ ತಂದ ಮೇಲೆ

ಕಾರಿನಲ್ಲಿ ತರುವಾಗ ಪ್ಲ್ಯಾಟರ್ ಬೇರೆ, ಆರ್ಮಿನ ಹಿಂದಿನ ಗುಂಡು ಬೇರೆ, ಕಾರ್ಟ್ರಿಡ್ಜಿಗೆ ಮುಚ್ಚಳ ಹಾಕಿ ಆರ್ಮನ್ನು ಕಟ್ಟಿರಬೇಕು. ಸ್ಪ್ರಿಂಗ್ ಯಂತ್ರವಾದರೆ ಸಾಗಣೆಗೆ ಹಾಕುವ ತಡೆ ಬಿಗಿದಿದೆಯಾ ನೋಡಿ. ಮೂಲ ಪೆಟ್ಟಿಗೆ ಎಸೆಯಬೇಡಿ, ಅಟ್ಟದ ಮೇಲಿಡಿ.

ಮಟ್ಟ ನೋಡಲು ಗಾರೆಯವರ ರಸಮಟ್ಟ ಸಾಕು. ಮೊದಲು ಮೇಜಿನ ಮಟ್ಟ, ಆಮೇಲೆ ಪ್ಲ್ಯಾಟರಿನದು. ಮುಳ್ಳಿನ ಭಾರ ಅಳೆಯಲು ಸಣ್ಣ ಡಿಜಿಟಲ್ ತಕ್ಕಡಿ ತೆಗೆದುಕೊಳ್ಳಿ. ಕಂಪನಿ 1.8 ಗ್ರಾಂ ಅಂದಿದ್ದರೆ 1.8 ಇಡಿ. ರೆಕಾರ್ಡ್ ಸವೆಯುತ್ತದೆ ಅಂತ ಹೆದರಿ ಭಾರ ಕಡಿಮೆ ಮಾಡುವವರು ಇದ್ದಾರೆ. ಭಾರ ಕಡಿಮೆಯಾದ ಮುಳ್ಳು ಗೆರೆಯಲ್ಲಿ ಕೂರದೆ ಜಿಗಿಯುತ್ತದೆ, ಗೋಡೆ ಕೆತ್ತುತ್ತದೆ. ಜೋರಾದ ರೆಕಾರ್ಡಿಗೆ ಇದರಿಂದಲೇ ಹೆಚ್ಚು ಹಾನಿ.

ವೇಗ ನೋಡಲು ಸ್ಟ್ರೋಬ್ ಡಿಸ್ಕ್ ಇದೆ. 50 ಹರ್ಟ್ಸಿಗೆ, 33⅓ ವೇಗಕ್ಕೆ 180 ಗೆರೆ ಇರುವ ಸಾಲು ಅದರಲ್ಲಿರುತ್ತದೆ. ಹಳೆಯ ಬಲ್ಬಿನ ಬೆಳಕಿನಲ್ಲಿ ಆ ಗೆರೆಗಳು ನಿಂತಂತೆ ಕಂಡರೆ ವೇಗ ಸರಿ. ಕೆಲವು ಎಲ್‌ಇಡಿ ದೀಪದಲ್ಲಿ ಇದು ಕಾಣುವುದೇ ಇಲ್ಲ, ಆಗ ಮೊಬೈಲ್ ಆಪ್ ಬಳಸಿ.

ಕೊನೆಗೆ ರಾಕ್ ಕೇಳುವವರು ಬಿಡಲೇಬಾರದ ಪರೀಕ್ಷೆ. ಮೋಟಾರ್ ಆಫ್ ಇರಲಿ. ನಿಂತ ರೆಕಾರ್ಡಿನ ಮೇಲೆ ಮುಳ್ಳು ಇಳಿಸಿ. ವಾಲ್ಯೂಮನ್ನು ನಿಧಾನವಾಗಿ, ಒಂದು ಕೈ ಗುಂಡಿಯ ಮೇಲೇ ಇಟ್ಟುಕೊಂಡು, ನೀವು ಮಾಮೂಲಿ ಕೇಳುವ ಮಟ್ಟಕ್ಕೆ ತನ್ನಿ. ಬೆರಳಿನಿಂದ ಶೆಲ್ಫನ್ನು ಮೆಲ್ಲಗೆ ತಟ್ಟಿ. ಟಕ್ ಅಂತ ಕೇಳಿ ನಿಂತರೆ ಸರಿ. ಗುಂಂಂ ಅಂತ ಬೆಳೆಯುತ್ತಾ ಹೋದರೆ ತಕ್ಷಣ ಇಳಿಸಿ. ಸ್ಪೀಕರಿನ ಅದುರು ಮುಳ್ಳಿಗೆ ಬಂದು, ಮುಳ್ಳಿನದು ಮತ್ತೆ ಸ್ಪೀಕರಿಗೆ ಹೋಗುತ್ತಿದೆ ಅಂತ ಅರ್ಥ. ಸ್ಪೀಕರ್ ಮತ್ತು ಟರ್ನ್‌ಟೇಬಲ್ ಒಂದೇ ಮೇಜಿನ ಮೇಲಿದ್ದರೆ ಬೇರೆ ಮಾಡಿ. ಕೋಣೆಯ ಮೂಲೆಯಲ್ಲಿದ್ದರೆ ಮೂಲೆ ಬಿಡಿಸಿ, ಬಾಸ್ ಅಲ್ಲೇ ಗುಡ್ಡೆ ಬೀಳುವುದು. ಪ್ಲಾಸ್ಟಿಕ್ ಮುಚ್ಚಳ ತೆಗೆದು ಇನ್ನೊಮ್ಮೆ ತಟ್ಟಿ ನೋಡಿ, ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಮಳೆಗಾಲಕ್ಕೆ ಮುಂಚೆ

ಹೂಮಳೆಯ ಜೊತೆಗೇ ಗುಡುಗು ಸಿಡಿಲು ಶುರು. ಆಕಾಶ ಗುಡುಗಿದರೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಿ.

ಜೂನ್‌ನಿಂದ ಸೆಪ್ಟೆಂಬರ್ ತನಕ ರೆಕಾರ್ಡ್ ಕವರುಗಳಿಗೆ ಬೂಷ್ಟು ಹಿಡಿಯುತ್ತದೆ. ಹೊರಗೋಡೆಗೆ ತಾಗಿಸಿ ಕಪಾಟು ಇಡಬೇಡಿ, ರೆಕಾರ್ಡ್ ನೆಟ್ಟಗೆ ನಿಲ್ಲಿಸಿ, ಕಾಗದದ ಒಳಕವರ್ ಬದಲು ಪ್ಲಾಸ್ಟಿಕ್ ಒಳಕವರ್ ಹಾಕಿ. ಬೂಷ್ಟು ಹಿಡಿದ ರೆಕಾರ್ಡನ್ನು ಒಣಬಟ್ಟೆಯಲ್ಲಿ ಉಜ್ಜಬೇಡಿ, ಡಿಸ್ಟಿಲ್ಡ್ ವಾಟರ್ ಬಳಸಿ ತೊಳೆದು ಒಣಗಿಸಿ. ಇನ್ವರ್ಟರ್ ಬ್ಯಾಟರಿಗೆ ಹೇಗೂ ತಂದಿಟ್ಟಿರುತ್ತೀರಲ್ಲ, ಮುಚ್ಚಿದ ಹೊಸ ಕ್ಯಾನಿನಿಂದ ತೆಗೆದುಕೊಂಡರೆ ಆಯಿತು. ಲೇಬಲ್ ನೆನೆಯದ ಹಾಗೆ ನೋಡಿಕೊಳ್ಳಿ.

ಬೆಲ್ಟ್ ಸುಮ್ನೆ ಇದ್ದರೂ ಹಳತಾಗುತ್ತದೆ. ವಾರಗಟ್ಟಲೆ ಯಂತ್ರ ಓಡಿಸದಿದ್ದರೆ ಪುಲಿಯ ಕಡೆ ಬಾಗಿ ಗಂಟು ಬಿದ್ದಂತಾಗುತ್ತದೆ. ಪ್ಲ್ಯಾಟರ್ ವೇಗ ಹಿಡಿಯಲು ಮೊದಲಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡರೆ, ಎಳೆದ ಸ್ವರ ನಡುಗಲು ಶುರುವಾದರೆ ಬದಲಿಸಿ. ಮುಳ್ಳಿನ ಆಯುಷ್ಯ ಅದರ ಆಕಾರದ ಮೇಲಿದೆ. ಸಾಮಾನ್ಯ ಎಲಿಪ್ಟಿಕಲ್ (ಅಂಡಾಕಾರದ ತುದಿಯ) ಮುಳ್ಳು 500 ಗಂಟೆ ದಾಟಿದ ಮೇಲೆ ಗಮನ ಇರಲಿ, ಮೈಕ್ರೋಲೈನ್ 1000 ಗಂಟೆಯವರೆಗೆ ಬರುತ್ತದೆ. ಬೆಲ್ಟ್, ಮುಳ್ಳು ಎರಡನ್ನೂ ಮೇ ತಿಂಗಳಲ್ಲೇ ಒಂದೊಂದು ಜಾಸ್ತಿ ತರಿಸಿಟ್ಟುಕೊಳ್ಳಿ. ಘಾಟಿ ರಸ್ತೆ ಕುಸಿದು ಕೊರಿಯರ್ ಹಾಸನದಲ್ಲೇ ನಿಂತರೆ ಆಗಸ್ಟ್ ತನಕ ರೇಡಿಯೋ ಕೇಳಬೇಕಾಗುತ್ತದೆ.